ಸೊಪ್ಪಿನ ಬೆಟ್ಟದ ಲೆಕ್ಕ: ತಮ್ಮನಿಗೆ ಏನು ಹೇಳಲಿ?

ಪ್ರಶ್ನೆ: ಸರ್, ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು. ಎರಡು ಎಕರೆ ಅಡಿಕೆ ತೋಟ ಇದೆ, ಅದಕ್ಕೆ ಸೇರಿದ ಏಳೂವರೆ ಎಕರೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು ಇದೆ. ತೋಟಕ್ಕೆ ನೀರು ಬೆಟ್ಟದ ಬುಡದ ಒರತೆಯಿಂದ ಪೈಪಿನಲ್ಲಿ ಬರುತ್ತದೆ, ಮಿಕ್ಕಿದ್ದು ಹಳ್ಳಕ್ಕೆ ಹೋಗಿ ಅಘನಾಶಿನಿ ನದಿ ಸೇರುತ್ತದೆ. ತಮ್ಮ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದಾನೆ. ಬೆಟ್ಟ ಸುಮ್ನೆ ಬಿದ್ದಿದೆ, ತೋಟಕ್ಕೆ ತಾಗಿದ ಎರಡು ಎಕರೆ ಜೆಸಿಬಿಯಲ್ಲಿ ಬಿಡಿಸಿ ಅಡಿಕೆ ಹಾಕೋಣ ಅಂತಾನೆ. ನನಗೆ ಮನಸ್ಸಿಲ್ಲ. ಒಂದು ಮರಕ್ಕೆ ವರ್ಷಕ್ಕೆ 74,500 ರೂಪಾಯಿ ಬೆಲೆ ಅಂತ ಸುಪ್ರೀಂ ಕೋರ್ಟ್ ಹೇಳಿದೆ ಅನ್ನೋ ವಾಟ್ಸಾಪ್ ಮೆಸೇಜ್ ತೋರಿಸಿದೆ. ನಮ್ಮ ಬೆಟ್ಟದಲ್ಲಿ ಮುನ್ನೂರು ಮರ ಅಂದರೂ ವರ್ಷಕ್ಕೆ ಎರಡು ಕೋಟಿ ದಾಟುತ್ತದೆ. ಅವನು, "ಆ ಎರಡು ಕೋಟಿಯಲ್ಲಿ ನನಗೆ ಎರಡು ಸಾವಿರ ತೋರಿಸು" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಈ ನಡುವೆ ಮರ ಹಿಡಿದಿಡುವ ಇಂಗಾಲಕ್ಕೆ ಸಿಗುವ ಕಾರ್ಬನ್ ದುಡ್ಡು ಕೊಡಿಸುತ್ತೇವೆ, ಸಹಿ ಹಾಕಿ ಅಂತ ಒಬ್ಬರು ಬಂದು ಹೋಗಿದ್ದಾರೆ. ಬೆಟ್ಟಕ್ಕೆ ನಿಜವಾಗಿ ಬೆಲೆ ಇದೆಯಾ? ಇದ್ದರೆ ಎಷ್ಟು?

ಉತ್ತರ: ನಿಮ್ಮ ತಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಕಾಡಿನ ಬೆಲೆ ಕಟ್ಟುವ ಕೆಲಸದಲ್ಲೇ ಇರುವ ನಮ್ಮಂಥವರು ಆ ಪ್ರಶ್ನೆಗೆ ನೇರವಾಗಿ ಉತ್ತರ ಕೊಡದೆ ದೊಡ್ಡ ದೊಡ್ಡ ಅಂಕಿ ಹೇಳಿದ್ದರಿಂದಲೇ ಅರ್ಧ ಗೊಂದಲ ಆಗಿರುವುದು. ನಿಮ್ಮ ಆತಂಕ ನನಗೆ ಅರ್ಥವಾಯಿತು. ಬೆಟ್ಟ ಹೋದರೆ ಏನೋ ದೊಡ್ಡದು ಹೋಗುತ್ತದೆ ಅಂತ ನಿಮಗೆ ಗೊತ್ತು, ಆದರೆ ಅದನ್ನು ರೂಪಾಯಿಯಲ್ಲಿ ಹೇಳಲು ಹೋದರೆ ನಗೆಪಾಟಲಾಗುತ್ತದೆ. ಆದ್ದರಿಂದ ಮೊದಲು ಆ 74,500ರ ಕತೆ ನೋಡೋಣ.

ಅದು ಸುಪ್ರೀಂ ಕೋರ್ಟಿನ ತೀರ್ಪಲ್ಲ. ಪಶ್ಚಿಮ ಬಂಗಾಳದ ಜೆಸ್ಸೋರ್ ರಸ್ತೆಯಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ ಹಳೆಯ ಮರಗಳನ್ನು ಕಡಿಯಬೇಕಿತ್ತು. ಆ ಪ್ರಕರಣದಲ್ಲಿ ಕೋರ್ಟ್ 2020ರಲ್ಲಿ ಒಂದು ತಜ್ಞರ ಸಮಿತಿ ನೇಮಿಸಿತು. ಮರದ ವಯಸ್ಸನ್ನು 74,500ರಿಂದ ಗುಣಿಸಿದರೆ ಅದರ ಬೆಲೆ ಅಂತ ಆ ಸಮಿತಿ ಹೇಳಿತು. ಅದರಲ್ಲಿ 45,000 ಆಮ್ಲಜನಕದ ಬಾಬ್ತು, 20,000 ಗೊಬ್ಬರದ ಬಾಬ್ತು. ನನ್ನ ತಕರಾರು ಇರುವುದು ಈ ಆಮ್ಲಜನಕದ ಮೇಲೆ. ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕ ಇದೆ, ಅದಕ್ಕೆ ಬರ ಬಂದಿಲ್ಲ. ಬೆಳೆದು ನಿಂತ ಕಾಡು ಹಗಲು ಬಿಟ್ಟ ಆಮ್ಲಜನಕದಲ್ಲಿ ಹೆಚ್ಚಿನ ಪಾಲನ್ನು ತಾನೇ ವಾಪಸ್ ತೆಗೆದುಕೊಳ್ಳುತ್ತದೆ, ರಾತ್ರಿ ಉಸಿರಾಡುವಾಗ ಒಂದಿಷ್ಟು, ಉದುರಿದ ಎಲೆ ಮರ ಕೊಳೆಯುವಾಗ ಮತ್ತೊಂದಿಷ್ಟು. ಆಸ್ಪತ್ರೆಯ ಸಿಲಿಂಡರ್ ರೇಟು ಹಿಡಿದು ಇದಕ್ಕೆ ಬೆಲೆ ಕಟ್ಟುವುದು ಒಪ್ಪುವ ಮಾತಲ್ಲ. ಮರದ ಉಪಕಾರ ಬೇಕಾದಷ್ಟಿದೆ, ಸುಳ್ಳು ಬಾಬ್ತು ಸೇರಿಸುವ ಅಗತ್ಯವೇ ಇಲ್ಲ. ಅಂದಹಾಗೆ, ಅಷ್ಟು ಬೆಲೆ ಕಟ್ಟಿದ ಮೇಲೂ 2023ರಲ್ಲಿ ಆ ಮರಗಳನ್ನು ಕಡಿಯಲು ಅನುಮತಿ ಸಿಕ್ಕಿತು. ದೊಡ್ಡ ಅಂಕಿ ಮರವನ್ನು ತಾನಾಗಿ ಉಳಿಸುವುದಿಲ್ಲ.

ಇನ್ನೊಂದು ಸರ್ಕಾರಿ ಲೆಕ್ಕವೂ ಇದೆ. ಗಣಿಗೋ ರಸ್ತೆಗೋ ಅರಣ್ಯ ಭೂಮಿ ಬೇಕಾದವರು ಕಾಡಿನ 'ನಿವ್ವಳ ಪ್ರಸ್ತುತ ಮೌಲ್ಯ' (ಕಾಡು ಮುಂದೆ ಕೊಡುವ ಲಾಭವನ್ನೆಲ್ಲ ಇವತ್ತಿನ ರೂಪಾಯಿಗೆ ತಂದ ಮೊತ್ತ) ಅಂತ ದುಡ್ಡು ಕಟ್ಟಬೇಕು. 2022ರ ಪರಿಷ್ಕರಣೆಯಲ್ಲಿ ಅದು ಸಾಮಾನ್ಯ ಕಾಡಿಗೆ ಹೆಕ್ಟೇರಿಗೆ ಹೆಚ್ಚೆಂದರೆ ಸುಮಾರು 15.95 ಲಕ್ಷ ರೂಪಾಯಿ ಆಯಿತು, ಕಾಡಿನ ಜಾತಿ ಮತ್ತು ದಟ್ಟಣೆ ನೋಡಿ ಅದಕ್ಕಿಂತ ಕಡಿಮೆಯೂ ಇರುತ್ತದೆ. ನಿಮ್ಮ ಬೆಟ್ಟ ಮೂರು ಹೆಕ್ಟೇರ್ ಅಂದುಕೊಂಡರೆ ಹೆಚ್ಚೆಂದರೆ 48 ಲಕ್ಷ, ಅದೂ ಒಂದೇ ಸಲ. ನೋಡಿ, ಅದೇ ಬೆಟ್ಟ, ಒಂದು ಸಮಿತಿಯ ಲೆಕ್ಕದಲ್ಲಿ ವರ್ಷ ವರ್ಷ 2.23 ಕೋಟಿ, ಇನ್ನೊಂದರಲ್ಲಿ ಒಟ್ಟು ಸೇರಿ ಅರ್ಧ ಕೋಟಿಯೂ ಇಲ್ಲ. ಯಾರು ಯಾತಕ್ಕೆ ಕೇಳುತ್ತಿದ್ದಾರೆ ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಈ ಎರಡೂ ದುಡ್ಡು ನಿಮ್ಮ ಮನೆಗೆ ಬರುವುದಿಲ್ಲ ಅನ್ನುವುದು ಮಾತ್ರ ಬದಲಾಗುವುದಿಲ್ಲ.

ಹಾಗಾಗಿ ನಾನು ಬೇರೆ ದಾರಿ ಹಿಡಿಯುತ್ತೇನೆ. "ಬೆಟ್ಟದ ಬೆಲೆ ಎಷ್ಟು" ಅನ್ನುವುದನ್ನು ಪಕ್ಕಕ್ಕಿಡಿ. ತಮ್ಮ ಹೇಳುವ ಆ ಎರಡು ಎಕರೆ ಹೋದರೆ, ಇವತ್ತು ಬಿಟ್ಟಿ ಸಿಗುವ ಯಾವುದನ್ನು ನಾಳೆ ದುಡ್ಡು ಕೊಟ್ಟು ತರಬೇಕು ಅಂತ ಕೇಳಿಕೊಳ್ಳಿ. ಇದು ಎಲ್ಲರಿಗೂ ಅರ್ಥವಾಗುವ ಲೆಕ್ಕ, ಪೇಟೆಯಲ್ಲಿ ಕೆಲಸ ಮಾಡಿ ಬಂದ ನಿಮ್ಮ ತಮ್ಮನಿಗೂ.

ಸೊಪ್ಪಿನಿಂದ ಶುರು ಮಾಡೋಣ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್, ಜೊತೆಗೆ ರಸಗೊಬ್ಬರ ಅನ್ನುವುದು ಕೃಷಿ ವಿಜ್ಞಾನಿಗಳ ಶಿಫಾರಸು. ಒಂಬತ್ತಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ ಹಿಡಿಯುತ್ತದೆ. ನಿಮ್ಮ ಎರಡು ಎಕರೆಗೆ 1,100 ಮರ ಅಂದರೆ ವರ್ಷಕ್ಕೆ 13 ಟನ್ ಸೊಪ್ಪು, 13 ಟನ್ ಗೊಬ್ಬರ. ಸೊಪ್ಪಿಗೆ ಕಿಲೋಗೆ ಒಂದೂವರೆ ರೂಪಾಯಿ, ಗೊಬ್ಬರಕ್ಕೆ ನಾಲ್ಕು ರೂಪಾಯಿ ಅಂತ ಹಿಡಿಯೋಣ. ಇದು ಉದಾಹರಣೆಗೆ ಹಾಕಿದ ದರ, ನಿಮ್ಮೂರಿನ ದರ ಹಾಕಿಕೊಳ್ಳಿ. ಸೊಪ್ಪಿನದು 19,800 ಆಯಿತು. ಗೊಬ್ಬರದ್ದು 52,800, ಆದರೆ ಅದನ್ನು ಪೂರ್ತಿ ಬೆಟ್ಟದ ಖಾತೆಗೆ ಹಾಕಬೇಡಿ. ಸಗಣಿ ಇದೆ, ಕೊಂಡು ತಂದ ಹಿಂಡಿ ಹುಲ್ಲು ಇದೆ. ಕೊಟ್ಟಿಗೆಗೆ ಹಾಸುವ ದರಕು (ಉದುರಿದ ಒಣ ಎಲೆ), ಸೊಪ್ಪು, ಕರಡ (ಒಣ ಹುಲ್ಲು) ಮಾತ್ರ ಬೆಟ್ಟದ್ದು. ಅರ್ಧ ಅಂತ ಇಟ್ಟುಕೊಂಡರೆ 26,400. ಒಟ್ಟು 46,200. ಇದರಲ್ಲಿ ಕಡಿಯುವ ಹೊರುವ ಕೂಲಿ ಕಳೆಯಬೇಕು. ನಲವತ್ತು ಆಳು, ದಿನಕ್ಕೆ 600 ಅಂದರೆ 24,000. ಉಳಿದದ್ದು 22,200 ರೂಪಾಯಿ, ಎಕರೆ ಬೆಟ್ಟಕ್ಕೆ ವರ್ಷಕ್ಕೆ ಮೂರು ಸಾವಿರದ ಹತ್ತಿರ.

ಕಡಿಮೆ ಆಯಿತು ಅನ್ನಿಸಿತಾ? ನಾನು ಬೇಕಂತಲೇ ಕೂಲಿ ಕಳೆದು ತೋರಿಸಿದೆ. ಕಾಡಿನ ಲಾಭ ಹೇಳುವ ಎಷ್ಟೋ ವರದಿಗಳಲ್ಲಿ ಈ ಕಳೆಯುವ ಕೆಲಸವೇ ಇರುವುದಿಲ್ಲ, ಮುರುಗಲು, ಉಪ್ಪಾಗೆಯಂಥ ಕಾಡಿನ ಹುಳಿಹಣ್ಣಿಗೆ ಕಿಲೋಗೆ ಇಷ್ಟು ಅಂತ ಪೇಟೆ ದರ ಹಾಕಿ ಗುಣಿಸಿಬಿಡುತ್ತಾರೆ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಸಿಪ್ಪೆ ಬಿಸಿಲಿಗೆ ಒಣಗುವುದಿಲ್ಲ, ಹೊಗೆ ಕೊಟ್ಟು ಒಣಗಿಸಬೇಕು. ಅದಕ್ಕೆ ರಾಶಿ ಕಟ್ಟಿಗೆ ಬೇಕು, ರಾತ್ರಿ ಎದ್ದು ಒಲೆ ನೋಡುವ ಜನ ಬೇಕು. ಆ ಖರ್ಚು ಬಿಟ್ಟು ಉಪ್ಪಾಗೆಯ ಲಾಭ ಹೇಳಿದರೆ ಅದು ಅರ್ಧ ಲೆಕ್ಕ.

ಸೊಪ್ಪಿಗಿಂತ ದೊಡ್ಡ ಲೆಕ್ಕ ನೀರಿನದು. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ತಮ್ಮನ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ಫಲ ಕೊಡುವ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. 18 ಅಂತ ಹಿಡಿದರೆ 1,100 ಮರಕ್ಕೆ ದಿನಕ್ಕೆ 19,800 ಲೀಟರ್. ಈಗ ಒಂದು ಕೆಲಸ ಮಾಡಿ. ಏಪ್ರಿಲ್ ಕೊನೆಯಲ್ಲಿ, ಮಳೆ ಬೀಳುವ ಮುಂಚೆ, ಇಪ್ಪತ್ತು ಲೀಟರಿನ ಬಕೆಟ್ ತೆಗೆದುಕೊಂಡು ಒರತೆಯ ಬಾಯಿಗೆ ಹಿಡಿಯಿರಿ. ಮೊಬೈಲ್‌ನಲ್ಲಿ ಸಮಯ ನೋಡಿ. ತಮ್ಮನನ್ನೂ ಕರೆದುಕೊಂಡು ಹೋಗಿ. ಬಕೆಟ್ ತುಂಬಲು ಒಂದು ನಿಮಿಷ ಹಿಡಿದರೆ ದಿನಕ್ಕೆ 28,800 ಲೀಟರ್ ಬರುತ್ತಿದೆ ಅಂತ ಅರ್ಥ. ಈಗಿನ ತೋಟಕ್ಕೆ ಸಾಕು, ಮನೆ ಖರ್ಚಿಗೂ ಉಳಿಯುತ್ತದೆ. ಇನ್ನೆರಡು ಎಕರೆ ಹಾಕಿದರೆ ಬೇಕಾಗುವುದು 39,600 ಲೀಟರ್. ಅಂದರೆ ಒರತೆ ಒಂದು ಹನಿಯೂ ಕಡಿಮೆಯಾಗದೆ ಹೀಗೆಯೇ ಹರಿದರೂ ದಿನಕ್ಕೆ ಹತ್ತು ಸಾವಿರ ಲೀಟರಿಗೂ ಜಾಸ್ತಿ ಕೊರತೆ. ದೊಡ್ಡ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಎರಡು ಲೋಡು, ಎರಡು ಮೂರು ತಿಂಗಳು. ಇಲ್ಲವೇ ಬೋರ್‌ವೆಲ್, ಪಂಪು, ಕರೆಂಟು, ಮತ್ತು ನೀರು ಬರದಿದ್ದರೆ ಇನ್ನೊಂದು ಬೋರ್‌ವೆಲ್. ನಿಮ್ಮ ಒರತೆಯ ಅಳತೆ ಬೇರೆ ಬರಬಹುದು. ಏನೇ ಬರಲಿ, ಅದನ್ನು ಬರೆದಿಡಿ.

ಸೊಪ್ಪಿನದೂ ಇದೇ ಕತೆ. ಇವತ್ತು ಏಳೂವರೆ ಎಕರೆ ಬೆಟ್ಟ 1,100 ಮರಕ್ಕೆ ಸೊಪ್ಪು ಕೊಡುತ್ತಿದೆ. ನಾಳೆ ಐದೂವರೆ ಎಕರೆ ಬೆಟ್ಟ 2,200 ಮರಕ್ಕೆ 26 ಟನ್ ಕೊಡಬೇಕು. ಕೊಡುವುದಿಲ್ಲ. ಹಳಬರು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಬಿಟ್ಟುಕೊಂಡಿದ್ದು ಸುಮ್ನೆ ಅಲ್ಲ. ಹೊಸ ತೋಟ ಬೇಡುವ ನೀರು, ಸೊಪ್ಪು ಎರಡೂ ಅದಕ್ಕಾಗಿ ಬೋಳಿಸಿದ ಜಾಗದಿಂದಲೇ ಬರಬೇಕಿತ್ತು. ಅದಕ್ಕೇ ಬೆಟ್ಟದ ಒಟ್ಟು ಬೆಲೆಗಿಂತ ಈ ಎರಡು ಎಕರೆ ತೆಗೆದರೆ ಉಳಿದಿದ್ದಕ್ಕೆ ಏನಾಗುತ್ತದೆ ಅನ್ನುವುದು ಮುಖ್ಯ. ಗದ್ದೆ ಮಾರಿ ಎತ್ತು ತಂದ ಹಾಗೆ ಆಗಬಾರದು.

ನೀರಿನ ವಿಚಾರದಲ್ಲೂ ಒಂದೆರಡು ತಪ್ಪು ನಂಬಿಕೆ ಇದೆ. "ಮರ ಜಾಸ್ತಿ ಆದಷ್ಟೂ ನೀರು ಜಾಸ್ತಿ" ಅನ್ನುವುದು ಪೂರ್ತಿ ನಿಜವಲ್ಲ. ಮರ ನೀರು ಕುಡಿಯುತ್ತದೆ, ಬೇಸಿಗೆಯಲ್ಲೂ ಕುಡಿಯುತ್ತದೆ. ಒರತೆ ಹರಿಯುವುದು ಮಣ್ಣಿನ ದೆಸೆಯಿಂದ. ಮಳೆಗಾಲದ ನಾಲ್ಕು ತಿಂಗಳಲ್ಲಿ ಹೊಡೆಯುವ ಮಳೆ ದರಕಿನ ಮೇಲೆ ಬಿದ್ದು, ಬೇರಿನ ಸಂದಿನಲ್ಲಿ, ಎರೆಹುಳ ಗೆದ್ದಲು ಕೊರೆದ ತೂತಿನಲ್ಲಿ ಇಳಿದರೆ ಅದು ಮುಂದಿನ ಏಪ್ರಿಲ್‌ವರೆಗೆ ನಿಧಾನಕ್ಕೆ ಹೊರಗೆ ಬರುತ್ತದೆ. ಮಣ್ಣು ಗಟ್ಟಿಯಾಗಿ ಜಂಬಿಟ್ಟಿಗೆ ಮೇಲೆದ್ದಿದ್ದರೆ ಅದೇ ಮಳೆ ಕೆಂಪು ನೀರಾಗಿ ಒಂದೇ ದಿನದಲ್ಲಿ ಹಳ್ಳ ಸೇರುತ್ತದೆ. ಉತ್ತರ ಕನ್ನಡದಲ್ಲೇ ವಿಜ್ಞಾನಿಗಳು ಇದನ್ನು ಅಳತೆ ಮಾಡಿ ನೋಡಿದ್ದಾರೆ. ನೈಸರ್ಗಿಕ ಕಾಡಿನಲ್ಲಿ ಇಂಗುವುದು ಹೆಚ್ಚು, ಬೋಳಾಗಿ ಹಾಳಾದ ಗುಡ್ಡದಲ್ಲಿ ಕಡಿಮೆ, ಅಕೇಶಿಯಾ ನೆಡುತೋಪು ಇವೆರಡರ ನಡುವೆ.

ಇದರಿಂದ ಒಂದು ಕಷ್ಟದ ಮಾತೂ ಹೇಳಬೇಕಾಗುತ್ತದೆ. ಬೆಟ್ಟ ಉಳಿಸುತ್ತೇವೆ ಅನ್ನುವ ಎಷ್ಟೋ ಮನೆಯವರು ದರಕನ್ನು ಚೂರೂ ಬಿಡದೆ ಗುಡಿಸುತ್ತಾರೆ, ಮತ್ತಿ ಹೊನ್ನೆ ನಂದಿ ಮರಗಳ ತಲೆಯನ್ನು ಪ್ರತಿ ವರ್ಷ ಬೋಳಿಸುತ್ತಾರೆ. ಅಂಥ ಬೆಟ್ಟದಲ್ಲಿ ಮರ ಕಂಬದ ಹಾಗೆ ನಿಂತಿರುತ್ತದೆ, ಕೆಳಗೆ ಒಂದು ಸಸಿ ಇರುವುದಿಲ್ಲ, ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ಹಬ್ಬಿರುತ್ತದೆ. ಅದು ದಾಖಲೆಯಲ್ಲಿ ಬೆಟ್ಟ ಅಷ್ಟೇ, ನೀರು ಹಿಡಿಯುವ ಕೆಲಸವನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿದೆ. ನಿಮ್ಮದು ಯಾವ ಸ್ಥಿತಿಯಲ್ಲಿದೆ ಅಂತ ನೀವು ಬರೆದಿಲ್ಲ. ಒಂದು ಜೋರು ಮಳೆ ಬಂದ ದಿನ ಕೊಡೆ ಹಿಡಿದು ಹತ್ತಿ ನೋಡಿ. ನೀರು ತಿಳಿಯಾಗಿ ಇಳಿಯುತ್ತಿದೆಯೋ ಕೆಂಪಾಗಿ ಓಡುತ್ತಿದೆಯೋ ನೋಡಿದರೆ ಸಾಕು. ಹಾಗೇ ಆ ಎರಡು ಎಕರೆಯ ನೀರು ನಿಮ್ಮ ಒರತೆಯ ಕಡೆಗೇ ಇಳಿಯುತ್ತದೋ, ಗುಡ್ಡದ ಆಚೆ ಬದಿಗೆ ಹೋಗುತ್ತದೋ ಅಂತಲೂ ಗಮನಿಸಿ. ಆಚೆ ಹೋಗುತ್ತಿದ್ದರೆ ನಿಮ್ಮ ಒರತೆಗೆ ಆಗುವ ನಷ್ಟ ಕಡಿಮೆ ಇರಬಹುದು. ಅದನ್ನು ತಮ್ಮನ ಹತ್ತಿರ ಒಪ್ಪಿಕೊಳ್ಳಿ, ಆಗ ಉಳಿದ ಮಾತನ್ನು ಅವರು ಕೇಳುತ್ತಾರೆ.

ನಿಮ್ಮ ಮನೆಯ ಲೆಕ್ಕದಲ್ಲಿ ಬರದ ಇನ್ನೊಂದು ಪಾಲು ಇದೆ. ನಿಮ್ಮ ಹಳ್ಳ ಸೇರುವ ಅಘನಾಶಿನಿಗೆ ಅಣೆಕಟ್ಟು ಇಲ್ಲ. ಕುಮಟಾದ ಹತ್ತಿರ ಅದು ಸಮುದ್ರ ಸೇರುವ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಜನ ಬೆಳಚು (ಚಿಪ್ಪುಮೀನು) ಹೆಕ್ಕಿ ಸಂಸಾರ ನಡೆಸುತ್ತಾರೆ, ಮೀನು ಹಿಡಿಯುತ್ತಾರೆ, ಉಪ್ಪುನೀರು ಬರುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರಿಗೆ ಸಿಹಿನೀರು ಎಷ್ಟು, ಯಾವಾಗ ಬಂದು ಸೇರುತ್ತದೆ ಅನ್ನುವುದರ ಮೇಲೆ ಅವರ ಬದುಕು ನಿಂತಿದೆ. ಘಟ್ಟದ ಮೇಲಿನ ಸಾವಿರಾರು ಬೆಟ್ಟಗಳು ಸೇರಿ ಮಾಡುವ ಕೆಲಸ ಇದು. ನಿಮ್ಮ ಎರಡು ಎಕರೆಯ ಪಾಲು ಅದರಲ್ಲಿ ಸಣ್ಣದು, ಆದರೆ ಎಲ್ಲರ ಮನೆಯಲ್ಲೂ ಒಬ್ಬ ತಮ್ಮ ಇದ್ದಾನೆ ಅಲ್ವಾ?

ಇಲ್ಲೇ ನಿಮ್ಮ ತಮ್ಮನ ಸಿಟ್ಟಿಗೆ ನ್ಯಾಯ ಇರುವುದು. ಲಾಭ ಕುಮಟಾದವರಿಗೂ, ಕಾರ್ಬನ್ ಲೆಕ್ಕದಲ್ಲಿ ಇಡೀ ಜಗತ್ತಿಗೂ ಹೋಗುತ್ತದೆ, ಬೆಟ್ಟ ಬಿಟ್ಟುಕೊಳ್ಳುವ ಹೊರೆ ಮಾತ್ರ ನಿಮ್ಮ ಮನೆಯ ಮೇಲೆ. ನ್ಯೂಯಾರ್ಕ್ ನಗರ 1997ರಲ್ಲಿ ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿತು. ಕುಡಿಯುವ ನೀರಿಗೆ ಫಿಲ್ಟರ್ ಘಟಕ ಕಟ್ಟಲು 600 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು ಅಂತ ಅಂದಾಜಿತ್ತು. ಅದರ ಬದಲು ನೀರು ಹುಟ್ಟುವ ಕ್ಯಾಟ್ಸ್‌ಕಿಲ್ ಬೆಟ್ಟಗಳ ರೈತರ ಜೊತೆ, ಊರುಗಳ ಜೊತೆ ಒಪ್ಪಂದ ಮಾಡಿಕೊಂಡು ಸುಮಾರು 150 ಕೋಟಿ ಡಾಲರ್ ಅಲ್ಲಿ ಹಾಕಿತು. ನಮ್ಮಲ್ಲಿ ಬೆಟ್ಟ ನೋಡಿಕೊಂಡವರಿಗೆ ಹೀಗೆ ವರ್ಷ ವರ್ಷ ದುಡ್ಡು ಕೊಡುವ ಖಾಯಂ ವ್ಯವಸ್ಥೆ ಇಲ್ಲ. ಇರಬೇಕು ಅಂತ ನಾನು ಹೋದ ಸಭೆಯಲ್ಲೆಲ್ಲ ಹೇಳುತ್ತೇನೆ. ಆದರೆ ಬಾರದ ದುಡ್ಡನ್ನು ನಂಬಿ ಮನೆಯ ಲೆಕ್ಕ ಹಾಕಬೇಡಿ.

ಈಗ ದಾರಿಗಳು. ಬೋಳಿಸಿ ಅಡಿಕೆ ಹಾಕುವುದಕ್ಕೆ ಮೊದಲ ಅಡ್ಡಿ ಕಾನೂನು. ಸೊಪ್ಪಿನ ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕು, ಒಣಕಟ್ಟಿಗೆ ತರುವ ಸೌಲಭ್ಯ, ಮಾಲೀಕತ್ವ ಅಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಲ್ಲಿ 'ಅರಣ್ಯೇತರ ಉದ್ದೇಶ' ಯಾವುದು ಅಂತ ಹೇಳುವಾಗ ಟೀ, ಕಾಫಿ, ಸಾಂಬಾರ ಬೆಳೆ, ರಬ್ಬರ್ ಜೊತೆಗೆ ತಾಳೆ ಜಾತಿಯ ಮರಗಳ ಹೆಸರೂ ಇದೆ. ಅಡಿಕೆ ತಾಳೆ ಜಾತಿಯದೇ. ಪಕ್ಕದವರು ಮಾಡಿದ್ದಾರೆ, ಯಾರೂ ಕೇಳಿಲ್ಲ ಅಂತ ತಮ್ಮ ಹೇಳಬಹುದು. ಕೇಳುವುದು ಯಾವಾಗ ಶುರುವಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಅಡಿಕೆಗೆ ಮಾತ್ರ ಫಸಲು ಬರಲು ಐದಾರು ವರ್ಷ ದುಡ್ಡು ಸುರಿಯಬೇಕು. ಅಷ್ಟರಲ್ಲಿ ದರ ಎಲ್ಲಿರುತ್ತದೋ, ಎಲೆಚುಕ್ಕಿ ರೋಗ ಎಲ್ಲಿಗೆ ಮುಟ್ಟಿರುತ್ತದೋ. ಇಳಿಜಾರಿನಲ್ಲಿ ಜೆಸಿಬಿ ಹತ್ತಿಸುವುದಕ್ಕೆ ನನ್ನ ವಿರೋಧ ಇನ್ನೂ ಜಾಸ್ತಿ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಕೊಚ್ಚಿ ಹೋದವು. ಒಂದೊಂದು ಕುಸಿತಕ್ಕೂ ಕಾರಣ ಹಲವು ಇರುತ್ತವೆ, ಆದರೆ ಬುಡ ಕತ್ತರಿಸಿದ ಗುಡ್ಡ, ಬೇರು ಕಿತ್ತ ಮಣ್ಣು ವಿಪರೀತ ಮಳೆಗೆ ಬೇಗ ಜಾರುತ್ತದೆ. ಇದೇ ಕಾರಣಕ್ಕೆ ಕಡಿದಾದ ಜಾಗದಲ್ಲಿ ದೊಡ್ಡ ಇಂಗುಗುಂಡಿ ತೋಡಬೇಡಿ. ನೀರಿಂಗಿಸುವ ಉತ್ಸಾಹದಲ್ಲಿ ಗುಡ್ಡದ ಭಾರ ಹೆಚ್ಚಿಸಿದ ಹಾಗಾಗುತ್ತದೆ.

ಅಕೇಶಿಯಾ ನೆಡುವ ಆಲೋಚನೆ ಇದ್ದರೆ ಕೈಬಿಡಿ. ಬೇಗ ಬೆಳೆಯುತ್ತದೆ ನಿಜ, ಕಟ್ಟಿಗೆ ಸಿಗುತ್ತದೆ, ಆದರೆ ಆ ಎಲೆ ಬೇಗ ಕರಗುವುದಿಲ್ಲ, ದನ ಮುಟ್ಟುವುದಿಲ್ಲ.

ನಾನಾಗಿದ್ದರೆ ಬೆಟ್ಟವನ್ನು ಮೂರು ಪಾಲು ಮಾಡುತ್ತಿದ್ದೆ. ಒಂದು ವರ್ಷ ಒಂದು ಪಾಲಿನಲ್ಲಿ ಮಾತ್ರ ಸೊಪ್ಪು, ಅದೂ ತುದಿ ಬಿಟ್ಟು. ಉಳಿದೆರಡರಲ್ಲಿ ದರಕು ಅರ್ಧ ಬಿಡುವುದು. ಒರತೆಯ ಮೇಲಿನ ಪಟ್ಟಿಯನ್ನು ಮುಟ್ಟುವುದೇ ಇಲ್ಲ. ಖಾಲಿ ಇರುವ ಕಡೆ ಮಳೆ ಶುರುವಾದ ಮೇಲೆ ಮುರುಗಲು, ಉಪ್ಪಾಗೆ, ವಾಟೆ, ಅಪ್ಪೆಮಿಡಿ ಸಸಿ ಇಡುವುದು. ಇದರ ಅಪಾಯವೂ ಹೇಳಿಬಿಡುತ್ತೇನೆ. ಮೊದಲ ಎರಡು ಮೂರು ವರ್ಷ ಸೊಪ್ಪು ಕಡಿಮೆ ಬೀಳುತ್ತದೆ, ಗೊಬ್ಬರ ಕೊಳ್ಳಬೇಕಾಗುತ್ತದೆ. ಸಸಿಗಳನ್ನು ದನ ತಿನ್ನದ ಹಾಗೆ ಅಗಳವೋ (ಕಂದಕ) ಬೇಲಿಯೋ ಬೇಕು, ಅದಕ್ಕೆ ಖರ್ಚಿದೆ. ಉಪ್ಪಾಗೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು, ಮಾರಾಟಕ್ಕೆ ಅರಣ್ಯ ಇಲಾಖೆಯ ನಿಯಮ ಇದೆ, ಮುಂಚೆಯೇ ವಿಚಾರಿಸಿಕೊಳ್ಳಿ. ಒರತೆ ಒಂದೇ ವರ್ಷದಲ್ಲಿ ಉಕ್ಕುವುದೂ ಇಲ್ಲ.

ತಮ್ಮನಿಗೆ ಬೇಕಿರುವುದು ಬೆಟ್ಟ ಅಲ್ಲ, ಆದಾಯ ಅಂತ ನನಗೆ ಅನ್ನಿಸುತ್ತದೆ. ಊರಿಗೆ ವಾಪಸ್ ಬಂದ ಹುಡುಗನನ್ನು ಉಳಿಸಿಕೊಳ್ಳುವುದು ಬೆಟ್ಟ ಉಳಿಸುವಷ್ಟೇ ಮುಖ್ಯ. ಈಗಿರುವ ಎರಡು ಎಕರೆಯಲ್ಲಿ ಎಷ್ಟು ಮರಕ್ಕೆ ಕಾಳುಮೆಣಸು ಬಳ್ಳಿ ಇದೆ, ಎಷ್ಟು ಮರ ಮುದಿಯಾಗಿ ಫಸಲು ನಿಲ್ಲಿಸಿದೆ, ಬೋರ್ಡೋ ದ್ರಾವಣ ಹೊತ್ತಿಗೆ ಸರಿಯಾಗಿ ಹೊಡೆಯದೆ ಕೊಳೆ ರೋಗಕ್ಕೆ ಎಷ್ಟು ಹೋಗುತ್ತಿದೆ ಅಂತ ಇಬ್ಬರೂ ಕೂತು ನೋಡಿ. ಆ ಲೆಕ್ಕದ ಪುಸ್ತಕ ಅವರ ಕೈಗೇ ಕೊಡಿ.

ಇನ್ನು ಕಾರ್ಬನ್ ದುಡ್ಡಿನವರು. ಆಗಲೇ ನಿಂತಿರುವ ಮರಕ್ಕೆ ಸಾಮಾನ್ಯವಾಗಿ ದುಡ್ಡು ಹುಟ್ಟುವುದಿಲ್ಲ. ಯೋಜನೆ ಇಲ್ಲದಿದ್ದರೆ ಸೇರುತ್ತಿರಲಿಲ್ಲ ಅನ್ನುವ ಹೆಚ್ಚುವರಿ ಇಂಗಾಲಕ್ಕೆ ಮಾತ್ರ, ಅದೂ ಅಳತೆ, ಪರಿಶೀಲನೆ, ದಲ್ಲಾಳಿ ಖರ್ಚು ಕಳೆದ ಮೇಲೆ. ಒಪ್ಪಂದಗಳು ಇಪ್ಪತ್ತು, ಮೂವತ್ತು ವರ್ಷ ಕಟ್ಟಿಹಾಕುತ್ತವೆ. ಎಲ್ಲಕ್ಕಿಂತ ಮೊದಲು, ಭೂಮಿ ಸರ್ಕಾರದ್ದಾದರೆ ಅದರ ಇಂಗಾಲ ಮಾರುವ ಹಕ್ಕು ನಿಮಗೆ ಎಲ್ಲಿಂದ ಬಂತು? ಪಹಣಿ ತೆಗೆಸಿ ಬೆಟ್ಟ ಯಾರ ಹೆಸರಲ್ಲಿದೆ ನೋಡಿ. ಬಂದವರ ಹತ್ತಿರ ಒಪ್ಪಂದದ ಕನ್ನಡ ಪ್ರತಿ ಕೇಳಿ, ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು, ಬೆಂಕಿ ಬಿದ್ದರೆ ಹೊಣೆ ಯಾರದು ಅಂತ ಕೇಳಿ. ಆ ಕಾಗದವನ್ನು ವಲಯ ಅರಣ್ಯಾಧಿಕಾರಿಗೂ ಒಬ್ಬ ವಕೀಲರಿಗೂ ತೋರಿಸದೆ ಸಹಿ ಹಾಕಬೇಡಿ, ಮುಂಗಡ ಅಂತ ಒಂದು ರೂಪಾಯಿಯೂ ಕೊಡಬೇಡಿ.